ಜಿಂಕೆಗೆ ಗುಂಡು ಎಲ್ಲಿ ಬಿತ್ತು? ಮಾಂಸದ ಹಣೆಬರಹ ಅಲ್ಲೇ

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಕಾಡು ಜಿಂಕೆ ಮಾಂಸದ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅಲ್ಲಿ ಜಿಂಕೆ ಹೊಡೆಯುವುದಕ್ಕೆ ಕಾನೂನಿನ ಒಪ್ಪಿಗೆ ಇದೆ, ಮಾಂಸ ಅಂಗಡಿಯಲ್ಲೇ ಸಿಗುತ್ತದೆ ಅಂತ. ಅಷ್ಟಕ್ಕೇ ಅಲ್ಲಿರುವ ಕನ್ನಡಿಗರಿಂದಲೂ ಇಲ್ಲಿಂದಲೂ ಪತ್ರಗಳು ಬಂದವು. ಬಹುಪಾಲು ಪತ್ರಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿವೆ. ಗುಂಡು ಮೈಯಲ್ಲಿ ಎಲ್ಲಿ ತಗುಲಿದರೆ ಮಾಂಸಕ್ಕೆ ಏನಾಗುತ್ತದೆ ಅನ್ನುವುದು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಡಾಕ್ಟ್ರೇ, ನಾವು ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಇದ್ದೇವೆ. ಪಕ್ಕದ ಮನೆಯ ಹಿರಿಯರು ಶಿಕಾರಿಗೆ ಹೋಗುತ್ತಾರೆ. ಮೊನ್ನೆ ಒಂದು ಜಿಂಕೆಯ ಮುಂಗಾಲು ಪೂರ್ತಿ ತಂದುಕೊಟ್ಟರು. ಕತ್ತರಿಸೋಕೆ ಹೋದರೆ ಒಳಗೆಲ್ಲ ಕಪ್ಪು ಕೆಂಪು ಲೋಳೆ. ಮಾಂಸ ಕೆಟ್ಟಿದೆಯಾ? ಪ್ರೀತಿಯಿಂದ ಕೊಟ್ಟಿದ್ದು, ಕೇಳೋಕೂ ಸಂಕೋಚ.

ಉತ್ತರ: ಕೆಟ್ಟಿಲ್ಲ. ಅದು ಗುಂಡಿನ ಪೆಟ್ಟಿಗೆ ಹರಡಿದ ರಕ್ತ.

ರೈಫಲ್ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಅದು ತೂತು ಮಾಡಿಕೊಂಡು ಸುಮ್ನೆ ಆಚೆ ಹೋಗುವುದಿಲ್ಲ, ಒಳಗೆ ಹೋದ ಕೂಡಲೇ ಅರಳಿಕೊಳ್ಳುತ್ತದೆ, ಸುತ್ತಲಿನ ಮಾಂಸವನ್ನು ಒಂದು ಕ್ಷಣ ನಾಲ್ಕೂ ಕಡೆಗೆ ತಳ್ಳುತ್ತದೆ, ಆ ತಳ್ಳಾಟಕ್ಕೆ ಸಣ್ಣ ಸಣ್ಣ ರಕ್ತನಾಳಗಳೆಲ್ಲ ಒಡೆಯುತ್ತವೆ. ಒಡೆದ ರಕ್ತ ಮಾಂಸದ ಪದರಗಳ ನಡುವೆ ಇರುವ ತೆಳು ಪೊರೆ ಹಿಡಿದು ಹರಿಯುತ್ತದೆ. ಮುಂಗಾಲಿನಲ್ಲಿ ಇದು ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ಜಿಂಕೆಯ ಹೆಗಲ ಮೂಳೆ ಎದೆಗೂಡಿಗೆ ಕೀಲಿನಿಂದ ಸೇರಿಕೊಂಡಿಲ್ಲ, ಬರೀ ಮಾಂಸಖಂಡಗಳೇ ಅದನ್ನು ಹಿಡಿದಿಟ್ಟಿವೆ. ಹಾಗಾಗಿ ಅಲ್ಲಿ ಪದರಗಳು ಜಾಸ್ತಿ, ರಕ್ತ ಹರಡೋಕೆ ಜಾಗವೂ ಜಾಸ್ತಿ. ಗುಂಡು ಹೆಗಲ ಮೂಳೆಗೋ ತೋಳಿನ ಮೂಳೆಗೋ ಬಡಿದರಂತೂ ಮೂಳೆಯ ಚೂರುಗಳೇ ಇನ್ನಷ್ಟು ಗುಂಡುಗಳಾಗಿ ಸುತ್ತಲೂ ಹರಿದುಕೊಂಡು ಹೋಗುತ್ತವೆ.

ನೀವೇ ನೋಡಿ. ಚರ್ಮದ ಕಡೆ ಗುಂಡು ಹೊಕ್ಕ ತೂತು ಕಿರುಬೆರಳಷ್ಟೇ ಇರುತ್ತದೆ, ಅದರ ಬಾಯಲ್ಲಿ ನಾಲ್ಕಾರು ಕೂದಲು ಒಳಕ್ಕೆ ಸಿಕ್ಕಿಕೊಂಡಿರುತ್ತವೆ. ಅದೇ ಮುಂಗಾಲನ್ನು ತಿರುಗಿಸಿ, ಪಕ್ಕೆಲುಬಿಗೆ ಅಂಟಿಕೊಂಡಿದ್ದ ಕಡೆ ನೋಡಿದರೆ ಅಂಗೈಗಿಂತ ಅಗಲಕ್ಕೆ ಆ ಲೋಳೆ ಹರಡಿಕೊಂಡಿರುತ್ತದೆ. ಬೆರಳಿನಿಂದ ಪೊರೆಯ ಅಂಚು ಹಿಡಿದು ಎಳೆಯಿರಿ. ಲೋಳೆಯ ಬಹುಭಾಗ ಪೊರೆಯ ಜೊತೆಗೇ ಕಿತ್ತುಕೊಂಡು ಬರುತ್ತದೆ, ಕೆಳಗೆ ಒಳ್ಳೆಯ ಕೆಂಪು ಮಾಂಸ ಕಾಣುತ್ತದೆ. ತೂತಿನ ಸುತ್ತ ಛಿದ್ರವಾದ ಭಾಗ, ಕೂದಲು, ಮೂಳೆ ಚೂರು ಇರುವ ಭಾಗ ಎಲ್ಲವನ್ನೂ ಧಾರಾಳವಾಗಿ ಕತ್ತರಿಸಿ ಬಿಸಾಡಿ. ಅಲ್ಲಿ ಜಿಪುಣತನ ಬೇಡ. ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ಕೊಳೆ ಇಡೀ ಮಾಂಸಕ್ಕೆ ಹರಡುತ್ತದೆ. ಚಾಕುವಿನಿಂದ ತೆಗೆದು ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒರೆಸಿದರೆ ಸಾಕು. ರಕ್ತ ನಿಂತ ಮಾಂಸ ಬೇಗ ಹಳಸುತ್ತದೆ, ಅವತ್ತೇ ಮಾಡಿ ಮುಗಿಸಿ. ಹಸಿರು ಬಣ್ಣ ಇದ್ದರೆ, ಸಗಣಿ ವಾಸನೆ ಬಂದರೆ ಕಥೆ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಪ್ರಶ್ನೆ: ನಾರ್ಥಂಬರ್‌ಲ್ಯಾಂಡ್‌ನಲ್ಲಿ ಇದ್ದೇನೆ ಸರ್. ಜಿಂಕೆ ಬೇಟೆಯ ಮೊದಲ ಹಂತದ ಸರ್ಟಿಫಿಕೇಟ್‌ಗೆ ಓದುತ್ತಿದ್ದೇನೆ. ಕಲಿಸುವವರು ಎದೆಗೆ ಹೊಡಿ ಅನ್ನುತ್ತಾರೆ. ಜೊತೆಗೆ ಬರುವ ಗೆಳೆಯ ಮಾತ್ರ ತಲೆಗೇ ಹೊಡೀಬೇಕು, ಒಂದು ಚೂರೂ ಮಾಂಸ ಹಾಳಾಗಲ್ಲ, ಎದೆಗೆ ಹೊಡೆಯೋದು ಕಲಿಯದವರ ಕೆಲಸ ಅನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ಕಲಿಸುವವರ ಮಾತು ಸರಿ.

ತಲೆಗೆ ಸರಿಯಾಗಿ ಬಿದ್ದ ಗುಂಡಿನಿಂದ ಮಾಂಸ ಹಾಳಾಗುವುದಿಲ್ಲ, ಪ್ರಾಣಿ ನಿಂತ ಜಾಗದಲ್ಲೇ ಬೀಳುತ್ತದೆ, ಇದೆಲ್ಲ ನಿಜ. ಆದರೆ ಜಿಂಕೆಯ ತಲೆ ದೊಡ್ಡದು ಕಂಡರೂ ಮಿದುಳು ಇರುವುದು ಮೇಲೆ, ಹಿಂದೆ, ಒಂದು ಸಣ್ಣ ಜಾಗದಲ್ಲಿ. ಉಳಿದಿದ್ದೆಲ್ಲ ಮೂಗು, ದವಡೆ, ಹಲ್ಲು. ಮೇಯುವ ಜಿಂಕೆಯನ್ನು ಐದು ನಿಮಿಷ ದುರ್ಬೀನಿನಲ್ಲಿ ನೋಡಿ. ತಲೆ ಒಂದು ಕ್ಷಣ ಸುಮ್ಮನಿರುವುದಿಲ್ಲ. ನೀವು ಟ್ರಿಗರ್ ಎಳೆಯುವುದಕ್ಕೂ ಅದು ಕಿವಿ ನಿಮಿರಿಸಿ ಕತ್ತು ತಿರುಗಿಸುವುದಕ್ಕೂ ಸರಿಹೋಯಿತು ಅಂದರೆ ಗುಂಡು ದವಡೆಗೆ ಬೀಳುತ್ತದೆ. ದವಡೆ ಒಡೆದ ಜಿಂಕೆ ಬೀಳುವುದಿಲ್ಲ, ಓಡುತ್ತದೆ. ಕಾಲು ನಾಲ್ಕೂ ಗಟ್ಟಿ ಇರುವುದರಿಂದ ಕೈಗೆ ಸಿಗುವುದೂ ಇಲ್ಲ. ಮೇಯಲಾರದೆ, ನೀರು ಕುಡಿಯಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ. ಎರಡು ಕೆಜಿ ಮಾಂಸ ಉಳಿಸೋಕೆ ಹೋಗಿ ಒಂದು ಜೀವಕ್ಕೆ ಇಂಥ ಸಾವು ಕೊಡುವುದನ್ನು ನಾನು ಒಪ್ಪುವುದಿಲ್ಲ. ಕುತ್ತಿಗೆಯ ಮಾತೂ ಹೆಚ್ಚುಕಮ್ಮಿ ಇದೇ. ಬೆನ್ನುಮೂಳೆಗೆ ಬಿದ್ದರೆ ಸರಿ, ನಾಲ್ಕು ಬೆರಳು ಆಚೀಚೆ ಆದರೆ ಬರೀ ಗಾಯ. ಕೆಲವು ಸಲ ಕುತ್ತಿಗೆಗೆ ತಗುಲಿದ ಜಿಂಕೆ ದಬಕ್ಕನೆ ಬಿದ್ದು, ನೀವು ಹತ್ತಿರ ಹೋಗುವಷ್ಟರಲ್ಲಿ ಎದ್ದು ಓಡುವುದೂ ಉಂಟು.

ಎದೆಯ ಲೆಕ್ಕ ಬೇರೆ. ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿರಬೇಕು. ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಕಣ್ಣು ಮೇಲಕ್ಕೆ ತನ್ನಿ, ಎದೆಯ ಎತ್ತರದ ಮೂರನೇ ಒಂದು ಭಾಗ ದಾಟಿ ಸ್ವಲ್ಪ ಮೇಲೆ, ಅರ್ಧಕ್ಕಿಂತ ಕೆಳಗೆ ನಿಲ್ಲಿಸಿ. ಒಳಗೆ ಹೃದಯದ ಮೇಲ್ಭಾಗ, ದಪ್ಪ ರಕ್ತನಾಳಗಳು, ಎರಡೂ ಕಡೆಯ ಶ್ವಾಸಕೋಶ ಒಟ್ಟಿಗೇ ಇರುವ ಜಾಗ ಅದು. ಒಂದೆರಡು ಇಂಚು ಮೇಲೆ ಕೆಳಗೆ ಆದರೂ ಸಾವು ಬೇಗ ಬರುತ್ತದೆ. ನಿಮ್ಮ ಪರೀಕ್ಷೆಯಲ್ಲಿ 100 ಮೀಟರ್ ದೂರದಿಂದ 4 ಇಂಚಿನ ವೃತ್ತದೊಳಗೆ ಗುಂಡು ಕೂರಿಸಿ ಅಂತ ಕೇಳುವುದು ಸುಮ್ನೆ ಅಲ್ಲ. ರೋ ಅನ್ನುವ ಸಣ್ಣ ಜಾತಿಯ ಜಿಂಕೆಗೂ ಎದೆಯಲ್ಲಿ ಅಷ್ಟು ಜಾಗ ಇದೆ. ಮಿದುಳಿನಲ್ಲಿ ಇಲ್ಲ.

ಮಾಂಸದ ಲೆಕ್ಕಕ್ಕೆ ಬರೋಣ. ಹೆಗಲ ಮೂಳೆ ತಪ್ಪಿಸಿ ಸರಿಯಾಗಿ ಅದರ ಹಿಂದೆ ಗುಂಡು ಹೋದರೆ ನಷ್ಟ ಆಗುವುದು ಎರಡು ಕಡೆಯ ನಾಲ್ಕಾರು ಪಕ್ಕೆಲುಬು, ಅವುಗಳ ನಡುವಿನ ತೆಳು ಮಾಂಸ ಮಾತ್ರ. ಜಿಂಕೆಯ ಪಕ್ಕೆಯಲ್ಲಿ ಕುರಿಯಲ್ಲಿ ಇರುವಷ್ಟು ಮಾಂಸವೂ ಇರುವುದಿಲ್ಲ. ಬೆಲೆ ಇರುವುದು ಹಿಂದೊಡೆಗೆ, ಬೆನ್ನಿನ ಉದ್ದಕ್ಕೂ ಇರುವ ಮೆತ್ತನೆ ಮಾಂಸಕ್ಕೆ. ಇವೆರಡೂ ಸೇರಿದರೆ ಅರ್ಧಕ್ಕಿಂತ ಜಾಸ್ತಿ ತೂಕ, ದುಡ್ಡಿನ ಲೆಕ್ಕದಲ್ಲಿ ಅದಕ್ಕೂ ಜಾಸ್ತಿ. ಎದೆಗೆ ಸರಿಯಾಗಿ ಬಿದ್ದ ಗುಂಡು ಇವೆರಡನ್ನೂ ಮುಟ್ಟುವುದಿಲ್ಲ. ಗುಂಡು ಮುಂದೆ ಸರಿದು ಹೆಗಲಿಗೆ ಬಿದ್ದರೆ ಒಂದೋ ಎರಡೋ ಮುಂಗಾಲು ಹೋಗುತ್ತವೆ, ಖೈಮಾಗೆ ಹೋಗುವ ಮಾಂಸ ಅದು, ದೊಡ್ಡ ನಷ್ಟ ಅಲ್ಲ. ಜಿಂಕೆ ನಿಂತಿರುವುದು ಕಡಿದಾದ ಇಳಿಜಾರಿನ ಅಂಚಿನಲ್ಲೋ ಬೇರೆಯವರ ಜಮೀನಿನ ಬೇಲಿ ಪಕ್ಕದಲ್ಲೋ ಆದರೆ, ಅದು ಓಡದೆ ಅಲ್ಲೇ ಬೀಳಲಿ ಅಂತ ಗೊತ್ತಿದ್ದೂ ಹೆಗಲಿಗೇ ಹೊಡೆಯುವ ಅನುಭವಸ್ಥರಿದ್ದಾರೆ. ಅದರಲ್ಲಿ ತಪ್ಪಿಲ್ಲ. ನೀವು ಹೆದರಬೇಕಾದ್ದು ಗುಂಡು ಹಿಂದಕ್ಕೆ ಸರಿಯುವುದಕ್ಕೆ.

ಇನ್ನೊಂದು ಮಾತು. ಎದೆಗೆ ಬಿದ್ದ ಜಿಂಕೆ ಐವತ್ತು, ನೂರು ಮೀಟರ್ ಓಡಿ ಬೀಳಬಹುದು. ಗಾಬರಿಯಾಗಿ ಹಿಂದೆ ಓಡಬೇಡಿ. ಅದು ನಿಂತಿದ್ದ ಜಾಗ ಗುರುತಿಟ್ಟುಕೊಳ್ಳಿ, ಸ್ವಲ್ಪ ಹೊತ್ತು ಕಾಯಿರಿ, ಆಮೇಲೆ ಹೋಗಿ ಹುಲ್ಲು ನೋಡಿ. ತಿಳಿಗೆಂಪು ನೊರೆನೊರೆ ರಕ್ತ ಇದ್ದರೆ ಶ್ವಾಸಕೋಶ, ಮುಂದೆ ಎಲ್ಲೋ ಬಿದ್ದಿರುತ್ತದೆ. ಹಸಿರು ಮಿಶ್ರಿತ, ಜಗಿದ ಹುಲ್ಲಿನ ಚೂರು ಇರುವ ನೀರು ಕಂಡರೆ ಹೊಟ್ಟೆಗೆ ಬಿದ್ದಿದೆ ಅಂತ ಅರ್ಥ. ಆಗ ಇನ್ನೂ ಜಾಸ್ತಿ ಹೊತ್ತು ಬಿಟ್ಟು, ವಾಸನೆ ಹಿಡಿಯುವ ನಾಯಿ ಕರೆಸಿ ಹುಡುಕಬೇಕು. ಅಟ್ಟಿಸಿಕೊಂಡು ಹೋದರೆ ಅದು ಮೈಲಿಗಟ್ಟಲೆ ಹೋಗುತ್ತದೆ.

ಪ್ರಶ್ನೆ: ಪರ್ತ್‌ಶೈರ್‌ನಲ್ಲಿ ನಮ್ಮ ಮನೆಯವರು ಬಿಡುವಿನಲ್ಲಿ ಜಿಂಕೆ ಹೊಡೆದು ಮಾಂಸದ ವ್ಯಾಪಾರಿಗೆ ಕೊಡುತ್ತಾರೆ. ಒಂದೇ ದಿನ ಎರಡು ಕೊಟ್ಟರು, ಎರಡರದ್ದೂ ತೂಕ ಹೆಚ್ಚುಕಮ್ಮಿ ಒಂದೇ. ಒಂದಕ್ಕೆ ಪೂರ್ತಿ ದರ ಬಂತು, ಇನ್ನೊಂದನ್ನು ತಗೊಳ್ಳೋದೇ ಇಲ್ಲ ಅಂದರು. ಹೊಟ್ಟೆಯ ಹತ್ತಿರ ಒಂದು ಸಣ್ಣ ತೂತು, ಅಷ್ಟೇ. ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲಮ್ಮ. ಆ ಸಣ್ಣ ತೂತೇ ಎಲ್ಲ ತೊಂದರೆಯ ಮೂಲ.

ಎದೆಗೂಡಿನ ಹಿಂದೆಯೇ ತೆಳುವಾದ ಒಂದು ಪರದೆ ಇದೆ, ನಮ್ಮ ಮೈಯಲ್ಲೂ ಇರುವ ವಪೆ. ಅದರ ಆಚೆಗೆ ಶುರುವಾಗುವುದು ಜಿಂಕೆಯ ದೊಡ್ಡ ಹೊಟ್ಟೆಚೀಲ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಆ ಚೀಲದ ತುಂಬ ಹುಳಿಯುತ್ತಿರುವ ಹುಲ್ಲು, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಗುಂಡು ಅದನ್ನು ಒಡೆದರೆ ಆ ರಾಡಿ ಒತ್ತಡದಲ್ಲಿ ಒಳಗೆಲ್ಲ ಚಿಮ್ಮುತ್ತದೆ. ಪಕ್ಕೆಯ ಒಳಗೋಡೆಗೆ, ಬೆನ್ನಿನ ಅಡಿಯಲ್ಲಿ ಇರುವ ಅತ್ಯಂತ ಮೃದು ಮಾಂಸಕ್ಕೆ, ಹಿಂದೊಡೆಯ ಒಳಭಾಗಕ್ಕೆ, ಎಲ್ಲಕ್ಕೂ ಹತ್ತುತ್ತದೆ. ಕರುಳು ಒಡೆದರೆ ಇನ್ನೂ ಕೆಟ್ಟದ್ದು. ಹೊರಗಿನಿಂದ ನೋಡಿದರೆ ಒಂದು ತೂತು. ಒಳಗೆ ದೀಪ ಹಿಡಿದು ನೋಡಿದರೆ ಹಸಿರು ಚುಕ್ಕಿಗಳು, ಅಲ್ಲಲ್ಲಿ ಅಂಟಿದ ಹುಲ್ಲಿನ ಎಳೆ, ಮೂಗಿಗೆ ಬಡಿಯುವ ಹುಳಿ ವಾಸನೆ. ನೀರು ಹಾಕಿ ತೊಳೆದರೆ ಚುಕ್ಕಿ ಹೋಗುತ್ತದೆ, ಬ್ಯಾಕ್ಟೀರಿಯಾ ಇನ್ನೂ ಅಗಲಕ್ಕೆ ಹರಡುತ್ತದೆ. ಅದಕ್ಕೇ ವ್ಯಾಪಾರಿಗಳು ತೊಳೆದ ಮೈ ಕಂಡರೆ ಇನ್ನೂ ಜಾಸ್ತಿ ಅನುಮಾನ ಪಡುತ್ತಾರೆ. ಅವರ ಹಿಂದೆ ಸರ್ಕಾರದ ಪಶುವೈದ್ಯರ ತಪಾಸಣೆಯೂ ಇರುತ್ತದೆ, ಅಲ್ಲಿ ತಿರಸ್ಕಾರವಾದರೆ ಪೂರ್ತಿ ನಷ್ಟ ವ್ಯಾಪಾರಿಗೇ.

ಕೆಲವರು ಕೇಳುತ್ತಾರೆ, ಎದೆಗೇ ಹೊಡೆದಿದ್ದೆ, ಹೊಟ್ಟೆ ಹೇಗೆ ಒಡೆಯಿತು ಅಂತ. ಬಹಳ ಸಲ ಉತ್ತರ ಜಿಂಕೆ ನಿಂತ ಭಂಗಿಯಲ್ಲಿ ಇರುತ್ತದೆ. ಪೂರ್ತಿ ಅಡ್ಡ ನಿಲ್ಲದೆ ಸ್ವಲ್ಪ ನಿಮ್ಮ ಕಡೆಗೆ ಮುಖ ಮಾಡಿ ಓರೆಯಾಗಿ ನಿಂತಿದ್ದರೆ, ಎದೆಯಲ್ಲಿ ಹೊಕ್ಕ ಗುಂಡು ಹೊಟ್ಟೆಯ ಮೂಲಕವೇ ಆಚೆ ಬರುತ್ತದೆ. ಹೊಕ್ಕ ತೂತು ಸರಿಯಾದ ಜಾಗದಲ್ಲೇ ಇರುತ್ತದೆ, ಹೊರಬಂದ ತೂತು ಕಥೆ ಹೇಳುತ್ತದೆ. ನಿಮ್ಮ ಮನೆಯವರಿಗೆ ಹೇಳಿ, ಅದು ತಿರುಗಿ ಅಡ್ಡ ನಿಲ್ಲುವವರೆಗೂ ಕಾಯಲಿ. ನಿಲ್ಲಲಿಲ್ಲ ಅಂದರೆ ಅವತ್ತು ಬಿಟ್ಟುಬಿಡಲಿ.

ಗುಂಡು ಸರಿಯಾಗಿ ಬಿದ್ದ ಮೇಲೂ ಕೆಲಸ ಇದೆ. ತಲೆಗೋ ಕುತ್ತಿಗೆಗೋ ಬಿದ್ದಿದ್ದರೆ ರಕ್ತ ಮೈಯಲ್ಲೇ ಉಳಿದಿರುತ್ತದೆ, ತಕ್ಷಣ ಎದೆಯ ಬುಡದಲ್ಲಿ ಚುಚ್ಚಿ ಇಳಿಸಬೇಕು. ಎದೆಗೆ ಬಿದ್ದಿದ್ದರೆ ಹೆಚ್ಚಿನ ರಕ್ತ ಎದೆಗೂಡಿನಲ್ಲೇ ಇಳಿದಿರುತ್ತದೆ. ಅನ್ನನಾಳ ಬಿಗಿಯಾಗಿ ಕಟ್ಟಿ, ಹೊಟ್ಟೆಚೀಲ ಕುಯ್ಯದ ಹಾಗೆ ಆದಷ್ಟು ಬೇಗ ಒಳಗಿನದ್ದನ್ನು ತೆಗೆಯಬೇಕು. ಆಗಲೇ ದುಗ್ಧಗ್ರಂಥಿಗಳನ್ನು (ಲಿಂಫ್ ಗ್ರಂಥಿಗಳು, ಹಾಲಿನವಲ್ಲ), ಲಿವರನ್ನು, ಶ್ವಾಸಕೋಶವನ್ನು ಕಣ್ಣಿಟ್ಟು ನೋಡಬೇಕು. ಗಂಟು, ಕೀವು ಕಂಡರೆ ಕ್ಷಯ ಇರಬಹುದು, ಅದನ್ನು ವರದಿ ಮಾಡಲೇಬೇಕು. ತರಬೇತಿ ಪಡೆದ ಬೇಟೆಗಾರ ಇದನ್ನೆಲ್ಲ ನೋಡಿ ಸರಿ ಇದೆ ಅಂತ ಸಹಿ ಹಾಕಿದ ಚೀಟಿ ಮೈಗೆ ಕಟ್ಟಬೇಕು. ಆಮೇಲೆ ಮಾಂಸ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ವ್ಯಾಪಾರಿ ನೋಡುವುದು ಇದನ್ನೆಲ್ಲ. ಶುದ್ಧವಾಗಿ ಎದೆಗೋ ತಲೆಗೋ ಬಿದ್ದದ್ದಕ್ಕೆ ಪೂರ್ತಿ ದರ, ಮುಂಗಾಲು ಹೋಗಿದ್ದರೆ ಸ್ವಲ್ಪ ಕಡಿತ, ತೊಡೆಗೋ ಬೆನ್ನಿಗೋ ಬಿದ್ದಿದ್ದರೆ ದೊಡ್ಡ ಕಡಿತ, ಹೊಟ್ಟೆ ಒಡೆದಿದ್ದರೆ ಬಹಳ ಸಲ ಬೇಡವೇ ಬೇಡ. ಇದು ನ್ಯಾಯವಾದ ಪದ್ಧತಿ ಅಂತಲೇ ನನ್ನ ಅಭಿಪ್ರಾಯ. ಪ್ರಾಣಿಗೆ ನೋವು ಜಾಸ್ತಿ ಆದ ಕಡೆ ದುಡ್ಡೂ ಕಡಿಮೆ ಆಗುತ್ತದೆ, ಹಾಗಾಗಿ ದುಡ್ಡಿನ ಆಸೆಯೇ ಕೆಲವರನ್ನು ಎಚ್ಚರದಿಂದ ಹೊಡೆಯುವ ಹಾಗೆ ಮಾಡುತ್ತದೆ.

ಪ್ರಶ್ನೆ: ಒಂದು ಸಲ ಗೆಳೆಯರು ಕೊಟ್ಟ ಜಿಂಕೆ ಮಾಂಸ ಒಳ್ಳೆ ಕೆಂಪಗೆ, ಮೃದುವಾಗಿ ಇತ್ತು. ಇನ್ನೊಂದು ಸಲದ್ದು ಕಪ್ಪಗೆ, ಕೈಗೆ ಅಂಟುವ ಹಾಗೆ, ಎರಡೇ ದಿನದಲ್ಲಿ ವಾಸನೆ ಬಂತು. ಫ್ರಿಜ್ ಅದೇ, ಅಡುಗೆಯವಳೂ ನಾನೇ! (ಗ್ಲಾಸ್ಗೋ)

ಉತ್ತರ: ಜಿಂಕೆ ಮಾಂಸ ಮೊದಲೇ ಗಾಢ ಬಣ್ಣದ್ದು, ಅದರಿಂದ ಹೆದರಬೇಡಿ. ಆದರೆ ಅಂಟಂಟು, ಕಪ್ಪು, ಬೇಗ ಕೆಡುವುದು ಮೂರೂ ಸೇರಿದರೆ ಆ ಪ್ರಾಣಿ ಸಾಯುವ ಮೊದಲು ಬಹಳ ಒದ್ದಾಡಿರಬೇಕು ಅನ್ನುವ ಅನುಮಾನ ಬರುತ್ತದೆ.

ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರಾಣಿ ಸತ್ತ ಮೇಲೆ ಅದು ನಿಧಾನಕ್ಕೆ ಲ್ಯಾಕ್ಟಿಕ್ ಆಮ್ಲ ಆಗುತ್ತದೆ, ಮಾಂಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5.5ರ ಆಸುಪಾಸಿಗೆ ಇಳಿಯುತ್ತದೆ. ಆ ಸಣ್ಣ ಹುಳಿಯೇ ಬ್ಯಾಕ್ಟೀರಿಯಾವನ್ನು ತಡೆದು ಮಾಂಸ ಬಾಳಿಕೆ ಬರುವ ಹಾಗೆ ಮಾಡುವುದು. ಗುಂಡು ತಪ್ಪು ಜಾಗಕ್ಕೆ ಬಿದ್ದು, ಜಿಂಕೆ ಗಾಯದ ನೋವಿನಲ್ಲಿ ಹೆದರಿ ಬಹಳ ದೂರ ಓಡಿ ಗಂಟೆಗಟ್ಟಲೆ ಆದ ಮೇಲೆ ಸತ್ತರೆ ಆ ದಾಸ್ತಾನು ಬದುಕಿದ್ದಾಗಲೇ ಖಾಲಿ. ಆಮ್ಲ ಆಗೋಕೆ ಏನೂ ಉಳಿದಿಲ್ಲ. ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ, ಮಾಂಸ ನೀರು ಹಿಡಿದುಕೊಂಡು ಕಪ್ಪಗೆ ಅಂಟಂಟಾಗಿ ಉಳಿಯುತ್ತದೆ. ಗುಂಡು ಸರಿಯಾಗಿಯೇ ಬಿದ್ದರೂ, ಮೊದಲು ಅಟ್ಟಾಡಿಸಿ ಸುಸ್ತಾಗಿದ್ದ ಜಿಂಕೆಯಲ್ಲೂ ಹೀಗೆ ಆಗಬಹುದು. ಬೆದೆಯ ಕಾಲದಲ್ಲಿ ಮೇವು ಬಿಟ್ಟು ಕಾದಾಡುತ್ತಾ ತಿರುಗುವ ಗಂಡು ಜಿಂಕೆಗಳಲ್ಲೂ ಅಷ್ಟೇ. ತಾನು ಗುರಿಯಲ್ಲಿದ್ದೇನೆ ಅಂತ ಗೊತ್ತೇ ಆಗದೆ, ಮೇಯುತ್ತಾ ನಿಂತಲ್ಲೇ ಸತ್ತ ಜಿಂಕೆಯ ಮಾಂಸವೇ ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ನಮ್ಮ ಅಜ್ಜ ಒಂದೇ ಈಡಿಗೆ ಕಡವೆ ಕೆಡವುತ್ತಿದ್ದರಂತೆ. ಈಗಲೂ ನಮ್ಮ ಕಡೆ ಕದ್ದು ಹೊಡೆಯುವವರಿದ್ದಾರೆ, ಮಾಂಸ ಮನೆಗೇ ಬರುತ್ತದೆ. ನೀವು ಹೇಳುವ ಇದೆಲ್ಲ ಕಡವೆಗೂ ಅನ್ವಯ ಆಗುತ್ತಾ? (ಸಕಲೇಶಪುರ)

ಉತ್ತರ: ಇಲ್ಲಿ ಆ ಪ್ರಶ್ನೆಯೇ ಬರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕಡವೆ, ಜಿಂಕೆ ಯಾವುದನ್ನೂ ಬೇಟೆ ಆಡುವಂತಿಲ್ಲ. ಹೊಡೆಯುವುದಷ್ಟೇ ಅಲ್ಲ, ಮಾಂಸ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ಬೇಟೆಗೆ ಅಲ್ಲ.

ಸ್ಕಾಟ್ಲೆಂಡಿನ ಪರಿಸ್ಥಿತಿಯೇ ಬೇರೆ. ತೋಳ, ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕು ಅಲ್ಲಿ ಎಂದೋ ಅಳಿದುಹೋದವು. ಜಿಂಕೆ ಹಿಡಿಯುವ ಪ್ರಾಣಿಯೇ ಇಲ್ಲದೆ ಅವುಗಳ ಸಂಖ್ಯೆ ಹತ್ತು ಲಕ್ಷದವರೆಗೂ ಇರಬಹುದು ಅನ್ನುವ ಅಂದಾಜಿದೆ. ಎಳೆ ಸಸಿಗಳನ್ನೆಲ್ಲ ಮೇದುಬಿಡುತ್ತವೆ, ಕಾಡು ಮತ್ತೆ ಬೆಳೆಯಲು ಬಿಡುವುದಿಲ್ಲ. ನಮ್ಮಲ್ಲಿ ಹುಲಿ, ಚಿರತೆ, ಕೆನ್ನಾಯಿ ಇನ್ನೂ ಇವೆ. ನಾವು ತಿಂದ ಒಂದೊಂದು ಕಡವೆಯೂ ಅವುಗಳ ಬಾಯಿಂದ ಕಿತ್ತುಕೊಂಡದ್ದೇ. ಮನೆಗೆ ಬರುವ ಆ ಮಾಂಸವನ್ನು ಮುಂದಿನ ಸಲ ಬೇಡ ಅನ್ನಿ.

ಪ್ರಶ್ನೆ: ಲೀಡ್ಸ್‌ನಲ್ಲಿ ಇದ್ದೇವೆ. ನನ್ನ ಹೆಂಡತಿಗೆ ಈಗ ನಾಲ್ಕು ತಿಂಗಳು. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಕಬ್ಬಿಣದ ಅಂಶ ಜಾಸ್ತಿ ಅಂತ ಖೈಮಾ ಪ್ಯಾಕೆಟ್ ತಂದು ಫ್ರೀಜರ್‌ನಲ್ಲಿ ಇಟ್ಟಿದ್ದೇನೆ. ಗುಂಡಿನ ಸೀಸ ಮಾಂಸಕ್ಕೆ ಸೇರುತ್ತೆ ಅಂತ ಈಗ ಕೇಳಿದೆ. ನಿಜವಾ?

ಉತ್ತರ: ನಿಜ. ಕೊಬ್ಬು, ಕಬ್ಬಿಣದ ಬಗ್ಗೆ ನೀವು ಕೇಳಿದ್ದೂ ಸರಿಯೇ. ಆದರೆ ಸೀಸದ ಗುಂಡು ಮೈಯೊಳಗೆ ಅರಳುವಾಗ ಪುಡಿ ಪುಡಿಯಾಗಿ ಉದುರುತ್ತದೆ. ಮೂಳೆಗೆ ಬಡಿದರೆ ಇನ್ನೂ ಜಾಸ್ತಿ. ಎಕ್ಸ್-ರೇ ತೆಗೆದರೆ ಗಾಯದಿಂದ ಗೇಣುದ್ದ ದೂರದಲ್ಲೂ ಕಣಗಳು ಕಾಣುತ್ತವೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಗಾಯದ ಸುತ್ತಲಿನ ಮುಂಗಾಲು, ಪಕ್ಕೆಯ ಮಾಂಸ ಕೊನೆಗೆ ಹೋಗುವುದು ಖೈಮಾಗೇ. ಅದಕ್ಕೇ ಖೈಮಾ ಮೇಲೆ ನನಗೆ ಅನುಮಾನ ಜಾಸ್ತಿ. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಯೂ ಸೀಸದ ಗುಂಡಿನಿಂದ ಹೊಡೆದ ಮಾಂಸವನ್ನು ಪದೇ ಪದೇ ತಿನ್ನುವವರು ಕಡಿಮೆ ಮಾಡಬೇಕು, ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು, ಪುಟ್ಟ ಮಕ್ಕಳು ವಿಶೇಷವಾಗಿ ದೂರ ಇರಬೇಕು ಅನ್ನುತ್ತದೆ. ಬೆಳೆಯುತ್ತಿರುವ ಮಗುವಿನ ಮಿದುಳಿಗೆ ಸೀಸ ವಿಷ.

ಈಗ ತಾಮ್ರದ ಗುಂಡುಗಳು ಬಂದಿವೆ. ಅವು ಹೂವಿನ ಹಾಗೆ ಅರಳಿದರೂ ಪುಡಿಯಾಗುವುದು ತೀರಾ ಕಡಿಮೆ, ಒಂದೇ ತುಂಡಾಗಿ ಆಚೆ ಹೋಗುತ್ತವೆ, ರಕ್ತ ಹರಡುವುದೂ ಎಷ್ಟೋ ಸಲ ಕಡಿಮೆ. ಒಂದೇ ತೊಡಕು ಅಂದರೆ ಜಾಗ ತಪ್ಪಿದರೆ ಸೀಸದ ಗುಂಡಿನ ಹಾಗೆ ಚೂರುಗಳು ಹರಡಿ ಕೈ ಹಿಡಿಯುವುದಿಲ್ಲ, ಗುರಿ ಇನ್ನೂ ನಿಖರವಾಗಿ ಇರಬೇಕು. ನಿಮ್ಮ ಪ್ಯಾಕೆಟ್ ಮೇಲೆ ಸೀಸರಹಿತ ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಅಂಗಡಿಯಲ್ಲಿ ಕೇಳಿ. ಸರಿಯಾದ ಉತ್ತರ ಸಿಗಲಿಲ್ಲ ಅಂದರೆ ಆ ಖೈಮಾ ನಿಮ್ಮ ಹೆಂಡತಿಗೆ ಬೇಡ. ಸೀಸರಹಿತವೇ ಆಗಿದ್ದರೂ ಒಳಗೆ ಕೆಂಪು ಉಳಿಯದ ಹಾಗೆ ಪೂರ್ತಿ ಬೇಯಿಸಿ, ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಯ ಭಯ ಇದೆ. ಲಿವರ್ ಯಾವ ಪ್ರಾಣಿಯದ್ದೇ ಆಗಲಿ ಸದ್ಯಕ್ಕೆ ಬೇಡ, ಅದರಲ್ಲಿ ವಿಟಮಿನ್ ಎ ವಿಪರೀತ. ಕಬ್ಬಿಣಕ್ಕೆ ಸೊಪ್ಪು, ಕಾಳು, ಚೆನ್ನಾಗಿ ಬೆಂದ ಕುರಿಮಾಂಸ ಇದ್ದೇ ಇದೆ. ಮಾತ್ರೆ ಬೇಕಾ ಅಂತ ನಿಮ್ಮ ಮಿಡ್‌ವೈಫ್ ಹತ್ತಿರ ಮುಂದಿನ ಭೇಟಿಯಲ್ಲೇ ಕೇಳಿ.